ಗೃಹಸ್ಥರ ಪುಟ: ಹಳೆಯ ಜೀಪಿನ ಬ್ರೇಕು ಪೈಪುಗಳು

ಈ ಪುಟದಲ್ಲಿ ನಾವು ಇದುವರೆಗೆ ಹಂಚಿನ ಮಾಡಿನ ಸೋರಿಕೆ, ಕಣಜದ ಹುಳು, ಬಾವಿಯ ರಾಟೆ ಮುಂತಾದ ಮನೆವಾರ್ತೆಯ ಸಂಗತಿಗಳನ್ನೇ ಬರೆಯುತ್ತ ಬಂದಿರುವೆವು. ಈ ತಿಂಗಳು ಜೀಪಿನ ಮಾತನ್ನೆತ್ತಿದುದನ್ನು ಕಂಡು ವಾಚಕರಲ್ಲಿ ಕೆಲವರು, ವಿಶೇಷವಾಗಿ ಸೋದರಿಯರು, ಇದು ಗ್ಯಾರೇಜಿನವರಿಗೆ ಸಲ್ಲುವ ವಿಷಯವೆಂದು ಹಾಳೆಯನ್ನು ಮಗುಚಬಹುದು. ಹಾಗೆ ಮಾಡಬಾರದೆಂದು ನಮ್ಮ ಪ್ರಾರ್ಥನೆ. ಮಲೆನಾಡಿನ ಒಂಟಿಮನೆಗಳಲ್ಲಿ ಜೀಪು ಯಂತ್ರವೆಂಬುದಕ್ಕಿಂತ ಮನೆಯ ಆಳು ಎಂಬುದೇ ಸರಿ. ಅಕ್ಕಿಯ ಮೂಟೆ, ಗೊಬ್ಬರ, ಕಾಫಿಯ ಚೀಲ, ಜ್ವರ ಬಂದ ಮಗು, ತುಂಬಿದ ಬಸುರಿ, ಮದುವೆಯ ದಿಬ್ಬಣ, ಎಲ್ಲವನ್ನೂ ಹೊರತಕ್ಕದ್ದು ಅದೇ. ಅದರ ಒಳಿತು ಕೆಡಕು ಮನೆಮಂದಿಯೆಲ್ಲರ ಒಳಿತು ಕೆಡಕು.

ಮೊದಲು ನಮ್ಮ ಮನೆಯಲ್ಲಿ ನಡೆದುದನ್ನು ಹೇಳುವೆವು. ಬುದ್ಧಿ ಹೇಳುವವನು ತನ್ನ ತಪ್ಪನ್ನು ಮೊದಲು ಒಪ್ಪಿಕೊಳ್ಳುವುದು ಮರ್ಯಾದೆ.

ನಮ್ಮ ಮನೆ ಮೂಡಿಗೆರೆಯ ಸೀಮೆಯಲ್ಲಿ, ಡಾಂಬರು ರಸ್ತೆಯಿಂದ ಐದು ಕಿಲೋಮೀಟರು ಒಳಗೆ, ಗುಡ್ಡದ ಮೇಲಿದೆ. ಜೀಪು ನಮ್ಮ ತೀರ್ಥರೂಪರು 1974ರಲ್ಲಿ ಕೊಂಡುದು. ಎರಡು ವರ್ಷಗಳ ಹಿಂದೆ ಅದರ ಮುಂದಿನ ಚಕ್ರಕ್ಕೆ ಹೋಗುವ ಬ್ರೇಕು ಪೈಪೊಂದು ತುಕ್ಕು ಹಿಡಿದು ಸೋರಿತು. ಮನೆಯ ಅಂಗಳದಲ್ಲೇ ಸೋರಿದುದರಿಂದ ಅಪಾಯವೇನೂ ಆಗಲಿಲ್ಲ. ರಿಪೇರಿಗೆ ಬಂದ ಮೆಕ್ಯಾನಿಕ್ಕು ಅಡಿಯಲ್ಲಿ ಮಲಗಿ ನೋಡಿ ಎದ್ದು, “ಸ್ವಾಮಿ, ಇವೆಲ್ಲ ಒಂದೇ ದಿನ ಹಾಕಿದ ಪೈಪು. ಒಂದು ಸತ್ತಿತು ಅಂದರೆ ಉಳಿದವಕ್ಕೂ ಅಷ್ಟೇ ವಯಸ್ಸಾಯಿತು ಅಂತ ತಿಳಿಯಿರಿ. ಎಲ್ಲವನ್ನೂ ಬದಲಿಸಿಬಿಡೋಣ,” ಎಂದನು. ನಾವು, “ಕೆಟ್ಟುದನ್ನು ಮಾತ್ರ ಹಾಕಪ್ಪಾ, ಉಳಿದುದನ್ನು ಆಮೇಲೆ ನೋಡೋಣ,” ಎಂದೆವು. ಅದೇ ವರ್ಷ ಜೀಪಿಗೆ ಹೊಸ ಬಣ್ಣವನ್ನು ಹೊಡೆಸಿದೆವು. ಹೊಸ ಟಾರ್ಪಾಲನ್ನು ಹೊದಿಸಿದೆವು. ನಾಲ್ಕು ಜನ ನೋಡತಕ್ಕ ಕಡೆಗೆ ಹಣ ಹೋಯಿತು. ಯಾರೂ ಬಗ್ಗಿ ನೋಡದ ಕಡೆಗೆ ಹೋಗಲಿಲ್ಲ.

ಕಳೆದ ವರ್ಷ ಮೃಗಶಿರೆ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಶಾಲೆಗಳು ತೆರೆದಿದ್ದುವು. ಮೊಮ್ಮಕ್ಕಳಿಬ್ಬರನ್ನು ಹಿಂದೆ ಕೂಡಿಸಿಕೊಂಡು ಗುಡ್ಡವನ್ನು ಇಳಿಯುತ್ತಿದ್ದೆವು. ಮೂರನೆಯ ತಿರುವಿನಲ್ಲಿ ಬ್ರೇಕನ್ನು ಒತ್ತಿದರೆ ಪೆಡಲು ಕಾಲಿಗೆ ಎದುರು ನಿಲ್ಲಲಿಲ್ಲ. ಬೆಣ್ಣೆಯಲ್ಲಿ ಬೆರಳಿಟ್ಟಂತೆ ತಳದವರೆಗೂ ಇಳಿದುಹೋಯಿತು. ಇನ್ನೊಮ್ಮೆ ಒತ್ತಿದೆವು, ಮತ್ತೂ ಹಾಗೆಯೇ. ಬಲಗಡೆ ಹಳ್ಳ, ಎಡಗಡೆ ಧರೆ. ಗಾಡಿಯು ಎರಡನೆಯ ಗೇರಿನಲ್ಲಿದ್ದುದೊಂದೇ ಪುಣ್ಯ. ಕೈಬ್ರೇಕನ್ನು ಎಳೆದು ಮೂತಿಯನ್ನು ಧರೆಗೆ ತಿರುಗಿಸಿದೆವು. ಜೀಪು ಒದ್ದೆಮಣ್ಣನ್ನು ಗುದ್ದಿ ನಿಂತಿತು. ಮೊಮ್ಮಗನಿಗೆ ಏನೂ ಆಗಲಿಲ್ಲ. ಮೊಮ್ಮಗಳ ಹಣೆ ಕಂಬಿಗೆ ತಗುಲಿ ರಕ್ತ ಬಂದಿತು. ಮಗು ಅಳಲಿಲ್ಲ, “ಅಜ್ಜಯ್ಯ, ಯಾಕೆ ನಿಲ್ಲಿಸಲಿಲ್ಲ?” ಎಂದು ಮಾತ್ರ ಕೇಳಿತು. ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಆಮೇಲೆ ಬಗ್ಗಿ ನೋಡಿದಾಗ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪೈಪಿನಲ್ಲಿ, ಅದನ್ನು ಚಾಸಿಗೆ ಬಿಗಿದ ಕ್ಲಿಪ್ಪಿನ ಅಡಿಯಲ್ಲಿ, ಗುಂಡುಸೂಜಿಯ ತಲೆಯಷ್ಟು ತೂತು ಕಂಡಿತು. ವರ್ಷಗಟ್ಟಲೆ ಕೆಸರು ಅಲ್ಲಿ ಗಟ್ಟಿಯಾಗಿ ಕುಳಿತು, ಒಳಗಿಂದೊಳಗೆ ಕಬ್ಬಿಣವನ್ನು ತಿಂದಿತ್ತು. ನಾವು ಇದೇ ಜೀಪಿನಲ್ಲಿ ಪೊಟ್ಯಾಷು ಗೊಬ್ಬರವನ್ನೂ ಹಸಿ ಸಗಣಿಗೊಬ್ಬರವನ್ನೂ ಸಾಗಿಸುತ್ತಿದ್ದೆವು. ಅವುಗಳ ನೀರು ಇಳಿದ ಕಡೆ ತುಕ್ಕು ಬೇಗ ಹಬ್ಬುತ್ತದೆ. ತೋಟದ ಗಾಡಿಗಳನ್ನಿಟ್ಟುಕೊಂಡವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಗುಂಡುಸೂಜಿಯ ತಲೆಯಷ್ಟು ತೂತು ನಾಲ್ಕು ಚಕ್ರಗಳನ್ನೂ ಕೈಬಿಡುವಂತೆ ಮಾಡಿದುದು ಹೇಗೆ ಎಂಬುದನ್ನು ತಿಳಿಯೋಣ. ಮುಚ್ಚಿದ ಪಾತ್ರೆಯಲ್ಲಿ ತುಂಬಿದ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬುದನ್ನು ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲನು ಹದಿನೇಳನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟನು. ಮೋಟಾರಿನ ಬ್ರೇಕು ಅದೇ ತತ್ತ್ವದ ಮೇಲೆ ನಿಂತಿದೆ. ಕಾಲು ಪೆಡಲನ್ನೊತ್ತಿದರೆ ಮಾಸ್ಟರ್ ಸಿಲಿಂಡರು ಎಣ್ಣೆಯನ್ನು ಒತ್ತುವುದು. ಎಣ್ಣೆಯು ಕಿರಿದಾದ ಪೈಪುಗಳ ಮೂಲಕ ಆ ಒತ್ತಡವನ್ನು ಚಕ್ರಗಳಿಗೆ ಒಯ್ಯುವುದು. ಅಲ್ಲಿ ಬ್ರೇಕಿನ ಪಟ್ಟಿಗಳು ಅಗಲಿ ಡ್ರಮ್ಮನ್ನು ಹಿಡಿಯುವುವು. ಜೋರಾಗಿ ಒತ್ತಿದಾಗ ಪೈಪಿನೊಳಗಣ ಒತ್ತಡವು ಚದರ ಸೆಂಟಿಮೀಟರಿಗೆ 60 ಕಿಲೋಗ್ರಾಮನ್ನು ಮೀರುವುದು ಅಪೂರ್ವವಲ್ಲ. ಜೀಪಿನ ಟಯರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಕಿಲೋಗ್ರಾಮೆಂಬುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಹಳೆಯ ಜೀಪುಗಳಲ್ಲಿ ಎಣ್ಣೆಯ ದಾರಿ ಒಂದೇ. ಮಾಸ್ಟರ್ ಸಿಲಿಂಡರಿನಿಂದ ಹೊರಟ ದಾರಿಯು ಕವಲೊಡೆದು ನಾಲ್ಕು ಚಕ್ರಗಳಿಗೂ ಹೋಗುವುದು. ಯಾವ ಕವಲು ಒಡೆದರೂ ಎಣ್ಣೆಯು ಅಲ್ಲಿಂದ ಹೊರಟುಹೋಗಿ, ಉಳಿದ ಮೂರಕ್ಕೂ ಒತ್ತಡವಿಲ್ಲದಂತಾಗುವುದು. ಈ ಕಾರಣದಿಂದಲೇ ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಎರಡು ಬೇರೆ ಬೇರೆ ದಾರಿಗಳನ್ನು ಕಡ್ಡಾಯ ಮಾಡಿದರು. ಒಂದು ಹೋದರೂ ಇನ್ನೊಂದು ಉಳಿಯುವುದು. ಹಳೆಯ ಗಾಡಿಗೂ ಅಂತಹ ಇಬ್ಬಗೆಯ ಮಾಸ್ಟರ್ ಸಿಲಿಂಡರನ್ನು ಕೂಡಿಸಲು ಸಾಧ್ಯವಿದೆ; ಆದರೆ ಅದು ಬಲ್ಲವರ ಕೈಯ ದೊಡ್ಡ ಕೆಲಸ. ಅದಾಗುವವರೆಗೆ ಹಳೆಯ ಜೀಪಿನಲ್ಲಿ ಕುಳಿತವರೆಲ್ಲರ ಕ್ಷೇಮವೂ ಅತ್ಯಂತ ದುರ್ಬಲವಾದ ಒಂದು ಪೈಪಿನ ಮೇಲೆ ನಿಂತಿರುವುದು. ನಮ್ಮ ಮೆಕ್ಯಾನಿಕ್ಕು ಹೇಳಿದ ಮಾತಿನ ತಿರುಳು ಇದೇ. ಹರಿದ ಪಂಚೆಗೆ ತೇಪೆ ಹಾಕುವಂತೆ ಬ್ರೇಕು ಪೈಪಿಗೆ ಹಾಕಬಾರದು. ಬದಲಿಸುವುದಾದರೆ ಎಲ್ಲವನ್ನೂ ಒಮ್ಮೆಗೇ ಬದಲಿಸತಕ್ಕದ್ದು.

ಹಾಗಾದರೆ ಯಾವ ಪೈಪನ್ನು ಕೊಳ್ಳಬೇಕು? ಅಂಗಡಿಗೆ ಹೋದವರಿಗೆ ನಾಲ್ಕು ಬಗೆಯವು ಎದುರಾಗಬಹುದು.

ಮೊದಲನೆಯದು ಉಕ್ಕಿನ ಪೈಪು. ಗಾಡಿಯೊಡನೆ ಬಂದುದು ಇದೇ. ತೆಳುವಾದ ಉಕ್ಕಿನ ತಗಡನ್ನು ಎರಡು ಸುತ್ತು ಸುತ್ತಿ, ತಾಮ್ರದಿಂದ ಬೆಸೆದು, ಮೇಲೆ ತುಕ್ಕು ತಡೆಯುವ ಲೇಪವನ್ನು ಕೊಟ್ಟಿರುವರು. ಬಲವಾದುದು, ಅಗ್ಗವಾದುದು, ಎಲ್ಲೆಡೆಯೂ ದೊರೆಯತಕ್ಕದ್ದು. ಒಳ್ಳೆಯ ಲೇಪವಿದ್ದು, ವರ್ಷಕ್ಕೊಮ್ಮೆ ತೊಳೆದು ನೋಡುವವರಿಗೆ ಇದು ಅನೇಕ ವರ್ಷ ಬಾಳುವುದು. ಲೇಪವು ಕಲ್ಲೇಟಿನಿಂದ ಎದ್ದುಹೋದ ಕಡೆ ಮಾತ್ರ ಮಳೆಗಾಲವು ತನ್ನ ಕೆಲಸವನ್ನು ಮಾಡದೆ ಬಿಡದು.

ಎರಡನೆಯದು ತಾಮ್ರ ನಿಕ್ಕಲುಗಳ ಮಿಶ್ರಲೋಹದ ಪೈಪು. ಇದರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ತಾಮ್ರ, ಹತ್ತು ಪಾಲು ನಿಕ್ಕಲು, ಜತೆಗೆ ಸ್ವಲ್ಪ ಕಬ್ಬಿಣ. ಹಡಗುಗಳಲ್ಲಿ ಉಪ್ಪುನೀರು ಹರಿಯುವ ಕೊಳವೆಗಳಿಗೆ ಬಳಸುವುದೂ ಇದೇ ಜಾತಿಯ ಲೋಹವನ್ನೇ. ಸ್ವೀಡನ್ನಿನ ವೋಲ್ವೋ ಕಾರುಗಳಲ್ಲಿ 1976ರಿಂದ ಇಂತಹ ಬ್ರೇಕು ಪೈಪುಗಳು ಬರತೊಡಗಿದುವು. ಆ ದೇಶದಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪನ್ನೆರಚುವರಾದುದರಿಂದ ಉಕ್ಕು ಬೇಗ ಕೆಡುತ್ತಿದ್ದಿತು. ಈ ಪೈಪಿಗೆ ಉಕ್ಕಿನಂತೆ ತುಕ್ಕು ಹಿಡಿಯದು, ಕೈಯಿಂದಲೇ ಬಗ್ಗುವುದು, ತುದಿಯನ್ನು ಅರಳಿಸುವುದೂ ಸುಲಭ. ಬೆಲೆ ಮಾತ್ರ ಉಕ್ಕಿಗಿಂತ ಹೆಚ್ಚು.

ಮೂರನೆಯದು ಸ್ಟೇನ್‌ಲೆಸ್ ಉಕ್ಕಿನ ಪೈಪು. ಬಲದಲ್ಲಿಯೂ ಬಾಳಿಕೆಯಲ್ಲಿಯೂ ಕೊರತೆಯಿಲ್ಲ. ಆದರೆ ಲೋಹವು ಗಡುಸಾದುದರಿಂದ ತುದಿಯನ್ನು ಅರಳಿಸಲು ಒಳ್ಳೆಯ ಉಪಕರಣವೂ ಪಳಗಿದ ಕೈಯೂ ಬೇಕು. ತುದಿ ಸರಿಯಾಗಿ ಕೂಡದಿದ್ದರೆ ಎಷ್ಟು ಬಿಗಿದರೂ ಎಣ್ಣೆ ಜಿನುಗುವುದು. ಊರಿನ ಸಣ್ಣ ಗ್ಯಾರೇಜಿನಲ್ಲಿ ಮಾಡಿಸುವವರು ಇದರ ಆಸೆಯನ್ನು ಬಿಡುವುದು ಮೇಲು.

ನಾಲ್ಕನೆಯದು ಬರಿಯ ತಾಮ್ರದ ಪೈಪು. ರೆಫ್ರಿಜಿರೇಟರು ರಿಪೇರಿಯವರ ಬಳಿ ಸುರುಳಿಗಟ್ಟಲೆ ದೊರೆಯುವುದು. ಮೃದುವಾಗಿಯೂ ಹೊಳಪಾಗಿಯೂ ಇರುವುದು. ಎರಡನೆಯದನ್ನು ಹೋಲುವುದರಿಂದ ಮೋಸ ಹೋಗುವುದೂ ಸುಲಭ. ಇದನ್ನು ಬ್ರೇಕಿಗೆ ಹಾಕಲೇಬಾರದು. ತಾಮ್ರವು ಸದಾ ನಡುಗುತ್ತಿರುವ ಕಡೆ ದಿನಗಳೆದಂತೆ ಗಡುಸಾಗಿ ಬಿರುಕು ಬಿಡುವ ಗುಣವುಳ್ಳದ್ದು. ಸಾಲದುದಕ್ಕೆ ಆ ಸುರುಳಿಯು ಬ್ರೇಕಿನ ಒತ್ತಡಕ್ಕಾಗಿ ಮಾಡಿದುದೂ ಅಲ್ಲ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿಯುವುದನ್ನು ಎಲ್ಲರೂ ಬಲ್ಲರು. ಕಲ್ಲುದಾರಿಯಲ್ಲಿ ಜೀಪು ಪೈಪಿಗೆ ಮಾಡುವುದೂ ಅದನ್ನೇ, ಸ್ವಲ್ಪ ಸ್ವಲ್ಪವಾಗಿ.

ನಾವು ಎರಡನೆಯ ಬಗೆಯನ್ನು ಆರಿಸಿದೆವು. ಆಯ್ಕೆಯ ಪಂಕ್ತಿಯಲ್ಲಿ ನಮ್ಮ ಸೊಸೆಯೂ ಇದ್ದಳು. ಮನೆಯ ಲೆಕ್ಕವನ್ನು ಬರೆಯುವವಳು ಆಕೆಯೇ. ಬೆಲೆಯನ್ನು ಕೇಳಿ ನಾವು ಮತ್ತೆ ಉಕ್ಕಿನ ಕಡೆಗೆ ವಾಲಿದೆವು. ಆಗ ಆಕೆ ಎರಡು ವರ್ಷದ ಹಿಂದಿನ ಪುಸ್ತಕವನ್ನು ತಂದು ಬಣ್ಣಕ್ಕೂ ಟಾರ್ಪಾಲಿಗೂ ಹೋದ ಮೊತ್ತವನ್ನು ತೋರಿಸಿ, “ಮಾವಯ್ಯ, ಇದರ ಕಾಲುಭಾಗವೂ ಆಗುವುದಿಲ್ಲ,” ಎಂದಳು. ಮರುಮಾತಾಡದೆ ಹಣ ಕೊಟ್ಟೆವು. ಉಕ್ಕನ್ನೇ ಹಾಕಿಸಿಕೊಂಡವರು ತಪ್ಪು ಮಾಡಿದರೆಂದು ನಾವು ಹೇಳುವುದಿಲ್ಲ. ಹೊಸ ಉಕ್ಕು ಹಳೆಯ ತುಕ್ಕಿಗಿಂತ ಸಾವಿರ ಪಾಲು ಮೇಲು; ಆದರೆ ಅದನ್ನು ಹಾಕಿಸಿದವರು ಪ್ರತಿವರ್ಷವೂ ಬಗ್ಗಿ ನೋಡುವ ವ್ರತವನ್ನು ಕೈಕೊಳ್ಳಬೇಕು.

ಲೋಹವನ್ನು ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಅಳತೆಯೂ ತುದಿಯೂ ಅಷ್ಟೇ ಮುಖ್ಯ. ಹಳೆಯ ಜೀಪುಗಳ ಮೂಲವು 1941ರ ಅಮೆರಿಕದ ಯುದ್ಧದ ಗಾಡಿ. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು 1947ರಲ್ಲಿ ಅವನ್ನು ಜೋಡಿಸಲಾರಂಭಿಸಿದರು. ಆದಕಾರಣ ಇವುಗಳ ಅಳತೆಯೆಲ್ಲ ಅಂಗುಲದಲ್ಲಿದೆ. ಚಕ್ರಗಳಿಗೆ ಹೋಗುವ ಪೈಪಿನ ಸಾಮಾನ್ಯವಾದ ಹೊರವ್ಯಾಸ ಅಂಗುಲದ ಹದಿನಾರರಲ್ಲಿ ಮೂರು ಪಾಲು, ಎಂದರೆ ಸುಮಾರು 4.75 ಮಿಲಿಮೀಟರು. ಅದರ ನಟ್ಟು ಅಂಗುಲದ ಎಂಟರಲ್ಲಿ ಮೂರು ಪಾಲು ದಪ್ಪ, ಅಂಗುಲಕ್ಕೆ 24 ಮರೆಗಳು. ಈಚಿನ ಗಾಡಿಗಳಲ್ಲಿ ಇದೇ ಗಾತ್ರದ ಪೈಪಿಗೆ 10 ಮಿಲಿಮೀಟರಿನ, ಒಂದು ಮಿಲಿಮೀಟರಿಗೆ ಒಂದು ಮರೆಯುಳ್ಳ ನಟ್ಟು ಬರುವುದು. ಕಣ್ಣಿಗೆ ಎರಡೂ ಒಂದೇ. ಅಂಗುಲದ ನಟ್ಟು ಮಿಲಿಮೀಟರಿನ ತೂತಿನಲ್ಲಿ ಸಡಿಲಾಗಿ ಹೊಕ್ಕು, ಬಿಗಿದಂತೆಯೂ ತೋರಿ, ಒತ್ತಡ ಬಂದಾಗ ಕಳಚಬಹುದು. ಅಂಗಡಿಗೆ ಹೋಗುವಾಗ ಹಳೆಯ ಪೈಪನ್ನು ನಟ್ಟುಸಹಿತವಾಗಿ ಒಯ್ದು, ಪಕ್ಕದಲ್ಲಿಟ್ಟು ನೋಡಿಯೇ ಕೊಳ್ಳತಕ್ಕದ್ದು. ನಟ್ಟು ಮೊದಲ ಕೆಲವು ಸುತ್ತು ಕೈಬೆರಳಿನಿಂದಲೇ ಸರಾಗವಾಗಿ ಹೋಗಬೇಕು.

ಪೈಪಿನ ತುದಿಯನ್ನು ಅರಳಿಸುವುದರಲ್ಲಿಯೂ ಎರಡು ಪದ್ಧತಿಗಳುಂಟು. ಹಳೆಯ ಜೀಪಿನದು ಅರಳಿಸಿದ ಅಂಚನ್ನು ಮತ್ತೆ ಒಳಕ್ಕೆ ಮಡಿಚಿದ ಇಮ್ಮಡಿ ಫ್ಲೇರು; ನೋಡಲು ಹೂಜಿಯ ಬಾಯಿಯಂತಿರುವುದು. ಈಚಿನ ಅನೇಕ ಗಾಡಿಗಳದು ಗುಳ್ಳೆಯಂತೆ ಉಬ್ಬಿದುದು. ಒಂದರ ಜಾಗದಲ್ಲಿ ಇನ್ನೊಂದು ಕೂಡದು. ಅಂಚನ್ನು ಮಡಿಚದೆ ಒಮ್ಮೆ ಮಾತ್ರ ಅರಳಿಸಿ “ಇಷ್ಟು ಸಾಕು” ಎನ್ನುವ ಕೆಲಸಗಾರನನ್ನು ನಯವಾಗಿ ತಡೆಯಬೇಕು. ಒಂಟಿ ಅಂಚು ಬಿಗಿತಕ್ಕೆ ಸೀಳುವುದು. ಅರಳಿಸುವ ಮೊದಲು ನಟ್ಟನ್ನು ಪೈಪಿಗೆ ಪೋಣಿಸಲು ಮರೆಯಬಾರದು. ನಾವು ಎರಡು ಸಲ ಮರೆತು, ಎರಡು ಸಲ ತುದಿಯನ್ನು ಕತ್ತರಿಸಿ, ಮೆಕ್ಯಾನಿಕ್ಕಿನ ನಗೆಗೆ ಪಾತ್ರರಾದೆವು.

ಹಳೆಯ ಪೈಪು ಹೋದ ದಾರಿಯಲ್ಲಿಯೇ ಹೊಸದೂ ಹೋಗತಕ್ಕದ್ದು. ಸೈಲೆನ್ಸರಿನ ಕಾವಿನಿಂದ ದೂರವಿರಬೇಕು. ಒಂದೊಂದು ಅಡಿಗೆ ಒಂದರಂತೆ ಕ್ಲಿಪ್ಪಿರಬೇಕು. ಕ್ಲಿಪ್ಪಿನೊಳಗೆ ರಬ್ಬರಿನ ಚೂರಿದ್ದರೆ ಉಜ್ಜಾಟ ತಪ್ಪುವುದು. ಅಚ್ಚಿನ ಮೇಲೆ ಕಲ್ಲು ಸಿಡಿಯುವ ಜಾಗದಲ್ಲಿ ಸ್ಪ್ರಿಂಗಿನಂತಹ ತಂತಿಯ ಕವಚವನ್ನು ತೊಡಿಸುವುದು ಒಳ್ಳೆಯದು. ನಡುವೆ ಕತ್ತರಿಸಿ ಉಂಗುರ ಬಿಗಿದು ಕೂಡಿಸುವ ನೀರಿನ ನಳದ ಪದ್ಧತಿಯು ಬ್ರೇಕಿಗೆ ಸಲ್ಲದು.

ಇನ್ನು ರಬ್ಬರಿನ ಹೋಸುಗಳು. ಅಚ್ಚು ಮೇಲೆ ಕೆಳಗೆ ಆಡುವ ಕಡೆ, ಮುಂದಿನ ಚಕ್ರಗಳು ಹೊರಳುವ ಕಡೆ, ಲೋಹದ ಪೈಪು ಸಾಗದು. ಅಲ್ಲಿ ಬಗ್ಗುವ ಹೋಸೇ ಬೇಕು. ಹೊರಮೈಯಲ್ಲಿ ಬಿರುಕು, ಉಬ್ಬು, ಜಿಗುಟು ಕಂಡರೆ ಬದಲಿಸಬೇಕೆಂಬುದು ಎಲ್ಲರಿಗೂ ತಿಳಿದಿದೆ. ಹೊರಗೆ ಚೆನ್ನಾಗಿ ಕಂಡು ಒಳಗೆ ಕೆಟ್ಟಿರುವುದೂ ಉಂಟೆಂಬುದು ಹಲವರಿಗೆ ತಿಳಿಯದು. ಒಳಗಿನ ರಬ್ಬರು ಊದಿಕೊಂಡರೆ ಕಾಲಿನ ಬಲಕ್ಕೆ ಎಣ್ಣೆ ಮುಂದೆ ಹೋಗುವುದು, ಹಿಂದಿರುಗಿ ಬರಲಾರದು. ಕಾಲು ತೆಗೆದ ಮೇಲೂ ಒಂದು ಚಕ್ರವು ಹಿಡಿದೇ ಇದ್ದು ಕಾಯುವುದು, ಗಾಡಿಯು ಒಂದು ಮಗ್ಗುಲಿಗೆ ಎಳೆಯುವುದು. ಲೋಹದ ಪೈಪನ್ನು ಬದಲಿಸುವ ದಿನವೇ ಹೋಸುಗಳನ್ನೂ ಬದಲಿಸುವುದು ಜಾಣತನ.

ಹೋಸಿನ ಉದ್ದದಲ್ಲಿಯೂ ಎಚ್ಚರವಿರಬೇಕು. ಪ್ಲೇಟುಗಳನ್ನು ಬದಲಿಸಿ ಗಾಡಿಯನ್ನು ಎತ್ತರಿಸಿದವರು ಹಳೆಯ ಉದ್ದದ ಹೋಸನ್ನೇ ಹಾಕಿದರೆ, ಚಕ್ರವು ಗುಂಡಿಗೆ ಇಳಿದಾಗ ಅದು ಬಿಲ್ಲಿನ ಹೆದೆಯಂತೆ ಬಿಗಿಯುವುದು. ಜ್ಯಾಕನ್ನು ಚಾಸಿಗೆ ಕೊಟ್ಟು ಎತ್ತಿ, ಚಕ್ರಗಳು ಜೋತುಬಿದ್ದಾಗ ಹೋಸಿನಲ್ಲಿ ಸ್ವಲ್ಪ ಸಡಿಲು ಉಳಿದಿದೆಯೇ ಎಂದು ನೋಡಬೇಕು. ಸ್ಟೀರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ ಟಯರಿಗೆ ತಗುಲುವುದೇ ಎಂದು ನೋಡಬೇಕು. ಬಿಗಿಯುವಾಗ ಹೋಸು ಹುರಿಗೊಳ್ಳಬಾರದು. ಮೇಲೆ ಉಕ್ಕಿನ ತಂತಿಯನ್ನು ಹೆಣೆದ ಹೋಸುಗಳೂ ಬಂದಿವೆ. ಅವು ಒತ್ತಡಕ್ಕೆ ಉಬ್ಬದುದರಿಂದ ಪೆಡಲು ಗಟ್ಟಿಯಾಗಿರುವುದು ನಿಜ. ಆದರೆ ಹೆಣಿಗೆಯೊಳಗೆ ಕೆಸರು ಮರಳು ಹೊಕ್ಕರೆ ಒಳಗಿನ ನಳಿಗೆಯನ್ನು ತೇಯುವುದು, ತೇದುದು ಹೊರಗೆ ಕಾಣದು. ತೆಗೆದುಕೊಳ್ಳುವವರು ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆಯುಳ್ಳುದನ್ನೇ ತೆಗೆದುಕೊಳ್ಳಬೇಕು. ಕೆಸರಿನಲ್ಲಿ ಓಡುವ ಮನೆಯ ಗಾಡಿಗೆ ಒಳ್ಳೆಯ ರಬ್ಬರಿನ ಹೋಸೇ ಸಾಕೆಂದು ನಮ್ಮ ಮತ.

ಎಣ್ಣೆಯ ವಿಷಯ ಒಂದು ಮಾತು. ಬ್ರೇಕ್ ಆಯಿಲೆಂದು ಕರೆದರೂ ಅದು ಎಂಜಿನಿಗೆ ಹಾಕುವ ಎಣ್ಣೆಯ ಜಾತಿಯದಲ್ಲ. ಆಪತ್ತಿಗೆಂದು ಎಂಜಿನ್ ಆಯಿಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಸುರಿದರೆ ಒಳಗಿನ ರಬ್ಬರೆಲ್ಲ ಊದಿ ಹಾಳಾಗುವುದು. ಡಾಟ್ 3, ಡಾಟ್ 4 ಎಂಬ ಬಗೆಗಳು ಗಾಳಿಯ ತೇವವನ್ನು ಹೀರತಕ್ಕವು. ಡಬ್ಬಿಯ ಮುಚ್ಚಳವನ್ನು ತೆರೆದಿಟ್ಟರೆ ಮಲೆನಾಡಿನ ಮಳೆಗಾಲವು ಅದಕ್ಕೆ ನೀರು ಕುಡಿಸುವುದು. ಹೊಸ ಡಾಟ್ 3 ಎಣ್ಣೆಯು 205 ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂದು ನಿಯಮ. ನೀರು ಕುಡಿದಮೇಲೆ ಅದು 140 ಡಿಗ್ರಿಯವರೆಗೆ ಇಳಿಯಬಹುದು. ಘಟ್ಟವಿಳಿಯುವಾಗ ಬ್ರೇಕು ಕಾದು ಎಣ್ಣೆ ಕುದಿದರೆ ಪೆಡಲು ಮತ್ತೆ ಬೆಣ್ಣೆಯಾಗುವುದು. ಆ ನೀರು ಪೈಪನ್ನು ಒಳಗಿನಿಂದಲೂ ತಿನ್ನುವುದು. ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಪೂರ್ತಿ ಬದಲಿಸಬೇಕು. ಅದು ಬಣ್ಣದ ಮೇಲೆ ಚೆಲ್ಲಿದರೆ ಬಣ್ಣವೇಳುವುದು. ಕೂಡಲೆ ನೀರಿನಿಂದ ತೊಳೆಯಬೇಕು.

ಪೈಪುಗಳೆಲ್ಲ ಕೂಡಿದ ಮೇಲೆ ಒಳಗಿನ ಗಾಳಿಯನ್ನು ಹೊರಡಿಸುವ ಕೆಲಸ. ಗಾಳಿಯು ಒತ್ತಿದರೆ ಕುಗ್ಗುವುದರಿಂದ ಸ್ವಲ್ಪ ಉಳಿದರೂ ಪೆಡಲು ಮೆತ್ತಗಿರುವುದು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ತೊಡಗಿ, ಹತ್ತಿರದ ಚಕ್ರದಲ್ಲಿ ಮುಗಿಸುವುದು ಪದ್ಧತಿ. ಇದಕ್ಕೆ ಇಬ್ಬರು ಬೇಕು. ನಮ್ಮ ಸೊಸೆ ಪೆಡಲಿನ ಮೇಲೆ ಕುಳಿತು “ಒತ್ತಿದೆ” “ಬಿಟ್ಟೆ” ಎನ್ನುತ್ತಿದ್ದಳು. ನಾವು ಅಡಿಯಲ್ಲಿ ಮಲಗಿ ತಿರುಪನ್ನು ಸಡಿಲಿಸಿ ಬಿಗಿಯುತ್ತಿದ್ದೆವು. ಮೊಮ್ಮಗನು ಎಣ್ಣೆ ಮುಗಿಯದಂತೆ ತುಂಬುತ್ತಿದ್ದನು. ಗುಳ್ಳೆಗಳು ನಿಂತಮೇಲೆ ಪ್ರತಿಯೊಂದು ಸಂದಿನ ಕೆಳಗೂ ಹಳೆಯ ಕಾಗದವನ್ನು ಹಾಸಿ, ಪೆಡಲನ್ನು ಮೈಯೆಲ್ಲ ಬಲದಿಂದ ಒಂದು ನಿಮಿಷ ಒತ್ತಿ ಹಿಡಿದು, ಕಾಗದದ ಮೇಲೆ ಒಂದು ತೊಟ್ಟಾದರೂ ಬಿದ್ದಿತೇ ಎಂದು ನೋಡಿದೆವು. ಹಿಂದಿನ ಎಡಗಡೆಯ ಸಂದಿನಲ್ಲಿ ಒಂದು ತೊಟ್ಟು ಬಿದ್ದಿತು. ಅದನ್ನು ಬಿಚ್ಚಿ, ತುದಿಯನ್ನು ಮತ್ತೆ ಅರಳಿಸಿ, ಮತ್ತೆ ಕೂಡಿಸಿದೆವು. ಮೊದಲು ಅಂಗಳದಲ್ಲಿ, ಆಮೇಲೆ ಸಮನೆಲದಲ್ಲಿ, ಮೂರು ದಿನದ ಮೇಲೆ ಬರಿಯ ಗಾಡಿಯನ್ನು ಇಳಿಜಾರಿನಲ್ಲಿ ಪರೀಕ್ಷಿಸಿದೆವು. ಹೊಸ ಕೆಲಸದ ಮೊದಲ ಪರೀಕ್ಷೆಯನ್ನು ಮಕ್ಕಳನ್ನು ಕೂಡಿಸಿಕೊಂಡು ಮಾಡಬಾರದು.

ವಾಚಕರು ಮುಂದಿನ ಭಾನುವಾರ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಟಾರ್ಚು ಹಿಡಿದು ಅಡಿಯನ್ನು ನೋಡಿರಿ. ಕ್ಲಿಪ್ಪುಗಳ ಅಡಿಯ ಕೆಸರನ್ನು ಕೆರೆದು ತೆಗೆಯಿರಿ. ಪೈಪಿನ ಮೈ ಹೊಪ್ಪಳಿಕೆಯೆದ್ದಂತಿದ್ದರೆ, ಸಂದುಗಳಲ್ಲಿ ಒದ್ದೆಯಿದ್ದರೆ, ಅಥವಾ ಬ್ರೇಕ್ ಆಯಿಲು ಕಾರಣವಿಲ್ಲದೆ ಇಳಿಯುತ್ತಿದ್ದರೆ ಆ ಗಾಡಿಯನ್ನು ಓಡಿಸಬೇಡಿರಿ; ಬಲ್ಲವರನ್ನು ಮನೆಗೇ ಕರೆಸಿರಿ. ಮನೆಯ ಹೆಂಗಸರೂ ಕೈಬ್ರೇಕು ಎಲ್ಲಿದೆ, ಹೇಗೆ ಎಳೆಯಬೇಕು ಎಂಬುದನ್ನು ತಿಳಿದಿರಲಿ. ಅದು ಎಣ್ಣೆಯ ಹಂಗಿಲ್ಲದೆ ನಡೆಯುವುದರಿಂದಲೇ ಆ ದಿನ ನಮಗೆ ಆಧಾರವಾಯಿತು.

ನಮ್ಮ ಮೊಮ್ಮಗಳು ಆಮೇಲೆ ಒಂದು ತಿಂಗಳು ಜೀಪನ್ನು ಹತ್ತಲಿಲ್ಲ. ಡಾಂಬರು ರಸ್ತೆಯವರೆಗೆ ತಾಯಿಯೊಡನೆ ಮಳೆಯಲ್ಲಿ ನಡೆದೇ ಹೋಗುತ್ತಿದ್ದಳು. ನಾವೂ ಬಲವಂತ ಮಾಡಲಿಲ್ಲ. ಆಷಾಢದ ಕೊನೆಯ ಒಂದು ಮುಂಜಾನೆ ತಾನಾಗಿಯೇ ಬಂದು ಜೀಪಿನ ಬಳಿ ನಿಂತು, “ಅಜ್ಜಯ್ಯ, ಕಾಗದ ಹಾಸಿ ನೋಡಿದಿರಾ?” ಎಂದಳು. ನೋಡಿದೆವು ಎಂದೆವು. ಅವಳು ನಂಬದೆ ತಾನೇ ಬಗ್ಗಿ ನೋಡಿ, ಮೊಣಕಾಲಿನ ಕೆಸರನ್ನು ಒರಸಿಕೊಂಡು, ಹತ್ತಿ ಕುಳಿತಳು. ಅಂದಿನಿಂದ ಪ್ರತಿ ಸೋಮವಾರವೂ ಗಾಡಿ ಹೊರಡುವ ಮುಂಚೆ ಅಡಿಯನ್ನು ನೋಡುವ ಕೆಲಸ ಅವಳದು.